ಎಚ್‌ಐವಿ ಕುರಿತ ಸಿನಿಮಾಗಳು: ಕಳಂಕವನ್ನು ತೋರಿಸುತ್ತವೆಯೋ, ಬೆಳೆಸುತ್ತವೆಯೋ?

ಅಮಾನಿಕೆರೆ, ತುಮಕೂರು

ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1ಕ್ಕೆ ನಾನು ಪಾಠ ಮಾಡುವ ಕಾಲೇಜಿನ, ಎಚ್‌ಐವಿ ಜಾಗೃತಿಯ ರೆಡ್ ರಿಬ್ಬನ್ ಕ್ಲಬ್‌ನಿಂದ ಸಿನಿಮಾ ದೃಶ್ಯಗಳನ್ನು ತೋರಿಸಿ ಚರ್ಚೆ ಇಡುವ ಯೋಚನೆ ಇದೆ. ಪದವಿ ವಿದ್ಯಾರ್ಥಿಗಳು, ಸುಮಾರು ನೂರಿಪ್ಪತ್ತು ಜನ. ಹೆಚ್ಚಿನವರು ಮಧುಗಿರಿ, ಕೊರಟಗೆರೆ, ಶಿರಾ ಕಡೆಯ ಹಳ್ಳಿಗಳವರು. ಸಮಯ ಎರಡು ಗಂಟೆ. ಸೋಂಕು ಹೇಗೆ ಹರಡುತ್ತದೆ ಅನ್ನುವುದನ್ನು ಅವರು ಹೈಸ್ಕೂಲಿನಿಂದ ಕೇಳುತ್ತ ಬಂದಿದ್ದಾರೆ, ಅದನ್ನೇ ಮತ್ತೆ ಹೇಳುವುದು ಬೇಡ. ಸೋಂಕಿತರನ್ನು ಜನ ದೂರ ಇಡುವುದನ್ನು ಸಿನಿಮಾ ಹೇಗೆ ತೋರಿಸುತ್ತದೆ, ತೋರಿಸುವಾಗ ಎಲ್ಲಿ ಎಡವುತ್ತದೆ ಅನ್ನುವುದು ವಿಷಯ. ಯಾವ ದೃಶ್ಯ ಹಾಕಬಹುದು, ಹಾಕಿದ ಮೇಲೆ ಏನು ಕೇಳಬಹುದು?

ಇನ್ನೊಂದು. ವಿದ್ಯಾರ್ಥಿಗಳು ತಾವೇ ಹತ್ತು ನಿಮಿಷದ ಕಿರುಚಿತ್ರ ಮಾಡುತ್ತೇವೆ ಎಂದಿದ್ದಾರೆ. ಬರೆದುಕೊಂಡು ಬಂದ ಕಥೆ ಇಷ್ಟು: ಲಾರಿ ಡ್ರೈವರ್ ಒಬ್ಬ ಹೈವೇಯಿಂದ ಸೋಂಕು ತರುತ್ತಾನೆ, ಹೆಂಡತಿಗೂ ಬರುತ್ತದೆ, ಊರವರು ಕಲ್ಲು ಹೊಡೆಯುತ್ತಾರೆ, ಅವನು ಕೆಮ್ಮಿ ಕೆಮ್ಮಿ ಸಾಯುತ್ತಾನೆ. ಇದನ್ನು ಹೇಗೆ ತಿದ್ದುವುದು ಅಂತಲೂ ಹೇಳಿ.

ಬಂಗಾರಪೇಟೆ ಜಂಕ್ಷನ್

ಮೇಷ್ಟ್ರೇ, ಪೂರ್ತಿ ಚಿತ್ರ ಹಾಕಲು ಹೋಗಬೇಡಿ. ಆರೇಳು ನಿಮಿಷದ ಎರಡು ಮೂರು ತುಣುಕು ಸಾಕು.

ಮೊದಲನೆಯದು ‘ಫಿಲಡೆಲ್ಫಿಯಾ’, 1993, ಜೊನಾಥನ್ ಡೆಮ್ಮಿ ನಿರ್ದೇಶನ. ಕೆಲಸ ಕಳಕೊಂಡ ವಕೀಲ ಆಂಡ್ರೂ (ಟಾಮ್ ಹ್ಯಾಂಕ್ಸ್), ದಾವೆ ಹೂಡಲು ಇನ್ನೊಬ್ಬ ವಕೀಲ ಮಿಲ್ಲರ್ (ಡೆಂಜೆಲ್ ವಾಷಿಂಗ್ಟನ್) ಕಚೇರಿಗೆ ಬರುವ ದೃಶ್ಯ. ಮಿಲ್ಲರ್ ಎಂದಿನಂತೆ ಕೈ ಕುಲುಕುತ್ತಾನೆ. ಏನಾಗಿದೆ ಎಂದು ಕೇಳಿದರೆ, ಏಡ್ಸ್ ಅನ್ನುವ ಉತ್ತರ. ಮಿಲ್ಲರ್ ಹಿಂದಕ್ಕೆ ಸರಿಯುತ್ತಾನೆ. ಅಲ್ಲಿಂದ ಕ್ಯಾಮೆರಾ ಮಾತು ಕೇಳುವುದನ್ನು ಬಿಟ್ಟು ಆಂಡ್ರೂವಿನ ಕೈ ಹಿಂದೆ ಬೀಳುತ್ತದೆ. ಮೇಜಿನ ಮೇಲಿನ ಯಾವ ವಸ್ತು ಮುಟ್ಟಿದ, ಮಗುವಿನ ಫೋಟೊ ಮುಟ್ಟಿದನಾ ಅನ್ನುವುದೇ ಅದಕ್ಕೆ ಮುಖ್ಯವಾಗಿಬಿಡುತ್ತದೆ. ಮಿಲ್ಲರ್ ಒಂದೂ ಕೆಟ್ಟ ಮಾತು ಆಡುವುದಿಲ್ಲ. ಆದರೆ ಅಷ್ಟು ಹೊತ್ತು ನಾವು ಅವನ ಕಣ್ಣಲ್ಲೇ ನೋಡುತ್ತಿರುತ್ತೇವೆ, ನಮ್ಮ ಕಣ್ಣೂ ಆ ಫೋಟೊ ಮೇಲೇ ಹೋಗಿರುತ್ತದೆ. ತುಣುಕು ಮುಗಿದ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಕಣ್ಣು ಎಲ್ಲಿತ್ತು?

ಎರಡನೆಯದು ಅದೇ ಚಿತ್ರದ ಗ್ರಂಥಾಲಯ. ಅಲ್ಲಿನ ಸಿಬ್ಬಂದಿ ಬಂದು, ನಿಮಗೆ ಬೇರೆ ಕೋಣೆಯಲ್ಲಿ ಅನುಕೂಲ ಆಗಬಹುದು ಅಂತ ಬಹಳ ಮರ್ಯಾದೆಯಿಂದಲೇ ಹೇಳುತ್ತಾನೆ. ಮಿಲ್ಲರ್ ಪುಸ್ತಕಗಳ ಹಿಂದೆ ಮುಖ ಮರೆಸಿಕೊಂಡು ಇದನ್ನೆಲ್ಲ ನೋಡುತ್ತಿರುತ್ತಾನೆ. ತಾರತಮ್ಯ ಅಂದರೆ ಬೈಗುಳ, ಕಲ್ಲು, ಬಹಿಷ್ಕಾರ ಅಂದುಕೊಂಡಿರುವ ಹುಡುಗರಿಗೆ ಈ ಮರ್ಯಾದೆಯ ಮಾತನ್ನು ತೋರಿಸಬೇಕು. ನಿಮ್ಮ ಹುಡುಗರ ಕಥೆಯ ಕಲ್ಲು ಹೊಡೆಯುವ ದೃಶ್ಯಕ್ಕೂ ಇದೇ ಮದ್ದು.

ಒಂದು ಎಚ್ಚರಿಕೆ. ಆಂಡ್ರೂವಿನ ಹಣೆ ಮೇಲಿನ ಕಲೆ ಕಪೋಸಿ ಸಾರ್ಕೋಮಾ ಅನ್ನುವ ಒಂದು ಬಗೆಯ ಕ್ಯಾನ್ಸರ್. ಆ ಕಾಲದ ಅಮೆರಿಕದಲ್ಲಿ ಅದು ಸಾಮಾನ್ಯವಾಗಿ ಕಂಡದ್ದು, ನಮ್ಮ ದೇಶದಲ್ಲಿ ಅಪರೂಪ. ಇಲ್ಲಿ ಸೋಂಕಿತರನ್ನು ಹೆಚ್ಚಾಗಿ ಕಾಡುವುದು ಕ್ಷಯ. ಮುಖದ ಮೇಲೆ ಕಲೆ ಬಳಿದು ‘ಎಚ್‌ಐವಿ ಮೇಕಪ್’ ಮಾಡಿದರೆ, ಕಲೆ ಇರುವ ಯಾರನ್ನು ಕಂಡರೂ ಅನುಮಾನ, ಕಲೆ ಇಲ್ಲದವರೆಲ್ಲ ಸೋಂಕಿಲ್ಲದವರು ಅನ್ನುವ ಎರಡು ತಪ್ಪು ಪಾಠ ಒಟ್ಟಿಗೇ ಹೋಗುತ್ತವೆ.

ಅಂತರಗಂಗೆ, ಕೋಲಾರ

ಆಪ್ತ ಸಮಾಲೋಚನೆಯ ಕಡೆಯಿಂದ ಹೇಳುತ್ತೇನೆ. ಆ ಕೆಮ್ಮನ್ನು ಮೊದಲು ತೆಗೆಯಿಸಿ ಮೇಷ್ಟ್ರೇ. ಕೆಮ್ಮುತ್ತಿರುವುದು ಕ್ಷಯದಿಂದ. ಕ್ಷಯ ಗಾಳಿಯಲ್ಲಿ ಹರಡುತ್ತದೆ, ಎಚ್‌ಐವಿ ಹರಡುವುದಿಲ್ಲ. ತೆರೆ ಮೇಲೆ ಎರಡನ್ನೂ ಒಬ್ಬನೇ ಮನುಷ್ಯನೊಳಗೆ ಹೆಸರು ಹೇಳದೆ ಸೇರಿಸಿಬಿಟ್ಟರೆ, ನೋಡಿದವರು ಎಚ್‌ಐವಿ ಇದ್ದವರ ಪಕ್ಕ ಕೂರಬಾರದು ಅಂತಲೇ ಅರ್ಥ ಮಾಡಿಕೊಂಡು ಏಳುತ್ತಾರೆ. ಕೊನೆಗೆ ಹಾಕುವ ‘ಮುಟ್ಟಿದರೆ ಬರುವುದಿಲ್ಲ’ ಅನ್ನುವ ಸಾಲು, ಹತ್ತು ನಿಮಿಷ ನೋಡಿದ ಕೆಮ್ಮನ್ನು ಅಳಿಸುವುದಿಲ್ಲ.

ಇನ್ನು ಎಲ್ಲ ಸಿನಿಮಾಗಳ ಆಸ್ಪತ್ರೆ ದೃಶ್ಯ. ಡಾಕ್ಟರು ಬಾಗಿಲು ತಳ್ಳಿಕೊಂಡು ಹೊರಗೆ ಬರುತ್ತಾರೆ, ಕನ್ನಡಕ ತೆಗೆಯುತ್ತಾರೆ, ವರಾಂಡದಲ್ಲಿ ನಿಂತ ಅಪ್ಪನಿಗೋ ಮಾವನಿಗೋ ವಿಷಯ ಹೇಳುತ್ತಾರೆ, ಪಿಟೀಲು ಶುರು. ನೋಡುವವರಿಗೆ ಅದು ದುಃಖದ ಗಳಿಗೆ. ನಿಜವಾಗಿ ನೋಡಿದರೆ ಗುಟ್ಟು ಒಡೆದದ್ದು ಅಲ್ಲೇ, ಊರಿಗೆ ಸುದ್ದಿ ಹೊರಟದ್ದೂ ಅಲ್ಲಿಂದಲೇ. ಆದರೆ ಚಿತ್ರ ಆ ಡಾಕ್ಟರನ್ನು ತಪ್ಪಿತಸ್ಥ ಅಂತ ತೋರಿಸುವುದೇ ಇಲ್ಲ. ಆಮೇಲೆ ಪಂಚಾಯ್ತಿ ಕಟ್ಟೆಯಲ್ಲಿ ಕೂಗಾಡುವ ಮುಖಂಡನನ್ನು ತಂದು ಖಳನಾಯಕ ಮಾಡುತ್ತದೆ.

ಸರ್ಕಾರಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರವಾದ ಐಸಿಟಿಸಿಯಲ್ಲಿ ನಡೆಯಬೇಕಾದ ಕ್ರಮ ಹೀಗೆ. ಪರೀಕ್ಷೆಗೆ ಮುಂಚೆ ಒಂಟಿಯಾಗಿ ಕೂರಿಸಿ ಮಾತಾಡಿ ಒಪ್ಪಿಗೆ ಪಡೆಯುತ್ತಾರೆ. ಮೊದಲ ಕಿಟ್‌ನಲ್ಲಿ ಏನೂ ಬರದಿದ್ದರೆ ನೆಗೆಟಿವ್. ರಿಯಾಕ್ಟಿವ್, ಅಂದರೆ ಸೋಂಕಿನ ಸುಳಿವು, ಬಂದರೆ ಇನ್ನೆರಡು ಬೇರೆ ಕಿಟ್‌ಗಳಲ್ಲಿ ನೋಡುತ್ತಾರೆ, ಮೂರೂ ರಿಯಾಕ್ಟಿವ್ ಆದರೆ ಮಾತ್ರ ಪಾಸಿಟಿವ್ ಎಂದು ಬರೆಯುತ್ತಾರೆ. ಸೋಂಕು ತಗುಲಿದ ಹೊಸದರಲ್ಲಿ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು, ಆದ್ದರಿಂದ ಅನುಮಾನವಿದ್ದರೆ ಮೂರು ತಿಂಗಳ ನಂತರ ಮತ್ತೆ ಬರಲು ಹೇಳುತ್ತಾರೆ. ವರದಿ ಅವರ ಕೈಗೇ, ಮತ್ತೆ ಒಂಟಿಯಾಗಿ ಕೂರಿಸಿ. ಜೊತೆಗೆ ಬಂದವರು ಹೊರಗಿನ ಬೆಂಚಲ್ಲಿ ಇರುತ್ತಾರೆ.

ಆ ಬೆಂಚನ್ನು ಹುಡುಗರು ಚಿತ್ರೀಕರಿಸಲಿ. ಬಾಗಿಲು ಮುಚ್ಚಿದೆ, ಹೊರಗೆ ಅಣ್ಣ ಕಾಯುತ್ತಿದ್ದಾನೆ. ತಂಗಿ ಹೊರಗೆ ಬಂದು ಏನು ಹೇಳಬೇಕು, ಹೇಳಬೇಕೋ ಬೇಡವೋ ಅನ್ನುವುದು ಅವಳ ಕೈಯಲ್ಲಿದೆ. ಕಲ್ಲು ಹೊಡೆಯುವುದಕ್ಕಿಂತ ದೊಡ್ಡ ನಾಟಕ ಅಲ್ಲಿದೆ.

ಇನ್ನು ಸಾಯುವುದು. 2004ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ವೈರಸ್ ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆ ಉಚಿತವಾಗಿ ಸಿಗಲು ಶುರುವಾಯಿತು. 2017ರಿಂದ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಎಷ್ಟೇ ಇರಲಿ, ಪಾಸಿಟಿವ್ ಎಂದು ಖಚಿತವಾದ ಎಲ್ಲರಿಗೂ ಔಷಧ. ಈಗ ದೊಡ್ಡವರಲ್ಲಿ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ, ಮೂರು ಔಷಧ ಸೇರಿದ್ದು. ತಪ್ಪದೆ ನುಂಗಿ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಇವತ್ತಿನ ಕಥೆಯಲ್ಲಿ ನಾಯಕ ಸಾಯಲೇಬೇಕಾದರೆ, ಅವನಿಗೆ ಔಷಧ ಯಾಕೆ ತಲುಪಲಿಲ್ಲ ಅನ್ನುವುದಕ್ಕೆ ಚಿತ್ರ ಉತ್ತರ ಹೇಳಬೇಕು.

ಗೂಳೂರು

ಬೀದಿನಾಟಕ ಮಾಡಿಸುವವನಾಗಿ ಸ್ವಲ್ಪ ಬೇರೆ ಮಾತು. ಭಯ ಪೂರ್ತಿ ಬೇಡ ಅನ್ನುವುದನ್ನು ಒಪ್ಪಲಾರೆ. ಸಾವು ತೋರಿಸದಿದ್ದರೆ ಹುಡುಗರು ಮಾತ್ರೆ ಇದೆಯಲ್ಲ ಬಿಡು ಅಂತಾರೆ. ನಾಟಕದಲ್ಲಿ ಅಳು ಬರದಿದ್ದರೆ ಜನ ನಿಲ್ಲುವುದೂ ಇಲ್ಲ, ಕಾಯಿದೆ ಕಲಂ ಓದಿದರೆ ಎದ್ದು ಹೋಗುತ್ತಾರೆ.

ಅಂತರಗಂಗೆ, ಕೋಲಾರ

ಅಳು ಬೇಡ ಅಂದಿಲ್ಲ ಅಣ್ಣ. ಭಯ ಏನು ಮಾಡುತ್ತದೆ ನೋಡಿ. ಹಾಗೆ ಸಾಯುವವನು ತೆರೆಯ ಮೇಲೆ ಯಾವಾಗಲೂ ಕುಡುಕ, ಹೆಣ್ಣುಬಾಕ, ಊರೂರು ಅಲೆಯುವವನು. ನೋಡುವವನು ‘ನಾನು ಅಂಥವನಲ್ಲ’ ಅಂದುಕೊಂಡು ನೆಮ್ಮದಿಯಾಗುತ್ತಾನೆ, ಪರೀಕ್ಷೆಗೆ ಬರುವುದಿಲ್ಲ. ಬಂದರೆ ತನ್ನನ್ನೂ ಅಂಥವನು ಅಂದುಕೊಳ್ಳುತ್ತಾರೆ ಅನ್ನುವ ಹೆದರಿಕೆ. ಬರುವ ಹೊತ್ತಿಗೆ ತೂಕ ಇಳಿದು, ಕ್ಷಯ ಹಿಡಿದು, ಸಿಡಿ4 ಪಾತಾಳಕ್ಕೆ ಹೋಗಿರುತ್ತದೆ. ಎಚ್ಚರಿಕೆ ಕೊಡಲು ತೋರಿಸಿದ ಸಾವೇ ಇನ್ನೊಂದು ಸಾವಿಗೆ ದಾರಿ ಮಾಡಿಕೊಡುತ್ತದೆ.

ಹೆಂಡತಿ ಪಾತ್ರವೂ ಹಾಗೇ. ಅವಳನ್ನು ‘ಏನೂ ಅರಿಯದ ಪಾಪದವಳು’ ಮಾಡಿದ ಕೂಡಲೇ ಮಿಕ್ಕವರಿಗೆ ಬಂದದ್ದು ಅವರ ಪಾಪಕ್ಕೆ ಅನ್ನುವುದು ತಾನಾಗಿ ಸೇರಿಕೊಳ್ಳುತ್ತದೆ. ಕನಿಕರ ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಅನ್ನುವ ಪಟ್ಟಿ ಮಾಡುವ ಕೆಲಸ ಸಿನಿಮಾಕ್ಕೆ ಬೇಡ.

ಗೂಳೂರು

ಆ ಎರಡನೇ ಮಾತು ಸರಿ ಅನ್ನಿಸಿತು ಅಕ್ಕ. ನಮ್ಮ ನಾಟಕಗಳಲ್ಲಿ ಹೆಂಡತಿ ತುಳಸಿಕಟ್ಟೆ ಸುತ್ತುತ್ತ ಪ್ರವೇಶ ಮಾಡುವುದು ಅದಕ್ಕೇ. ಅಳು ಎಲ್ಲಿಂದ ತರಬೇಕು ಅನ್ನುವುದು ಮಾತ್ರ ಇನ್ನೂ ಪ್ರಶ್ನೆ.

ಶಿಡ್ಲಘಟ್ಟ ನೂಲು

ಮಾತ್ರೆ ಡಬ್ಬಿಯಿಂದ ತನ್ನಿ. ಎಡಿಟಿಂಗ್ ಮೇಜಿನ ಮೇಲೆ ಹತ್ತು ನಿಮಿಷದ ಚಿತ್ರವನ್ನು ಹೊರುವುದು ಇಂಥ ಒಂದು ವಸ್ತು. ಬಿಳಿ ಪ್ಲಾಸ್ಟಿಕ್ ಡಬ್ಬಿ, ಮೂವತ್ತು ಮಾತ್ರೆ. ಲೇಬಲ್ ಕೆರೆದು ತೆಗೆದಿದೆ, ಅಂಟು ಮಾತ್ರ ಉಳಿದಿದೆ. ಅಲುಗಾಡಿದರೆ ಸದ್ದಾಗುತ್ತದೆ ಅಂತ ಒಳಗೆ ಹತ್ತಿ ತುರುಕಿದೆ. ಬಸ್ಸಲ್ಲಿ ಬ್ಯಾಗ್ ತೊಡೆ ಮೇಲಿದೆ, ಗುಂಡಿ ಬಂದಾಗಲೆಲ್ಲ ಕೈ ಬ್ಯಾಗಿನ ಮೇಲೆ ಹೋಗುತ್ತದೆ. ಸಂಭಾಷಣೆ ಬೇಕಿಲ್ಲ, ಸಂಗೀತವಂತೂ ಬೇಡವೇ ಬೇಡ. ಮೊದಲು ಡಬ್ಬಿಯ ಸದ್ದನ್ನು ಹತ್ತಿರದಿಂದ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಬಸ್ಸಿನ ಗದ್ದಲದ ನಡುವೆ ಅದೊಂದೇ ಎದ್ದು ಕೇಳಬೇಕು, ಹತ್ತಿ ತುರುಕಿದ ಮೇಲೆ ಅದೂ ಇರಬಾರದು.

ಅಂತರಗಂಗೆ, ಕೋಲಾರ

ಚೆನ್ನಾಗಿದೆ. ಒಂದು ತಿದ್ದುಪಡಿ ಮಾತ್ರ: ಮಾತ್ರೆಗಳನ್ನು ಬೇರೆ ಡಬ್ಬಿಗೆ, ಸ್ಟೀಲ್ ಡಬ್ಬಕ್ಕೆ ಸುರಿದಿಡುವುದನ್ನು ತೋರಿಸಬೇಡಿ. ಮೂಲ ಡಬ್ಬಿಯಲ್ಲಿ ತೇವ ಹೀರುವ ಪುಟ್ಟ ಚೀಲ ಇರುತ್ತದೆ, ಅದನ್ನು ಬಿಟ್ಟು ಬೇರೆಡೆ ಇಟ್ಟರೆ ಮಾತ್ರೆ ತೇವ ಎಳೆದುಕೊಂಡು ಕೆಡಬಹುದು. ಮುಚ್ಚಿಡುವ ಒತ್ತಡಕ್ಕೆ ಜನ ಹಾಗೆ ಮಾಡುತ್ತಾರೆ ಅನ್ನುವುದು ನಿಜ. ತೋರಿಸುವುದಾದರೆ ಅದರ ಪರಿಣಾಮವನ್ನೂ ತೋರಿಸಿ. ಕಳಂಕ ಮೈಮೇಲೆ ಕೆಲಸ ಮಾಡುವುದು ಹೀಗೆ: ಹೆಂಗಸರು ನೆಂಟರ ಮನೆಯಲ್ಲಿ ಮಾತ್ರೆ ನುಂಗಲು ಮರೆ ಸಿಗದೆ ಒಂದೆರಡು ದಿನ ಬಿಡುತ್ತಾರೆ, ಅದೇ ಅಭ್ಯಾಸವಾಗಿ ವೈರಲ್ ಲೋಡ್ ಏರುತ್ತದೆ. ಗೂಳೂರಣ್ಣ ಕೇಳಿದ ಅಳು ಬೇಕಾದರೆ ಇಲ್ಲಿದೆ.

ನಂದಿ ತಪ್ಪಲು

ಶುಶ್ರೂಷೆಯ ಕೆಲಸದವರಾಗಿ ಕೆಲವು ಮಾತು. ಸಿನಿಮಾದಲ್ಲಿ ಸೋಂಕಿತರ ಕೋಣೆಗೆ ಹೋಗುವ ನರ್ಸು ತಲೆಯಿಂದ ಕಾಲಿನವರೆಗೆ ಸುತ್ತಿಕೊಂಡಿರುತ್ತಾಳೆ. ಅದು ಸುಳ್ಳು, ಅಪಾಯಕಾರಿ ಸುಳ್ಳು. ಸಾಮಾನ್ಯ ಮುನ್ನೆಚ್ಚರಿಕೆ ಅನ್ನುವುದು ಎಲ್ಲ ರೋಗಿಗಳಿಗೂ ಒಂದೇ. ಯಾಕೆಂದರೆ ಪರೀಕ್ಷೆ ಮಾಡಿಸದ, ಗೊತ್ತೇ ಇಲ್ಲದ ಸೋಂಕಿತರು ಇದ್ದೇ ಇರುತ್ತಾರೆ. ರಕ್ತ ತೆಗೆಯುವಾಗ ಯಾರಿಗೇ ಆಗಲಿ ಗ್ಲೌಸ್. ಬಿಪಿ ನೋಡಲು, ಜ್ವರ ನೋಡಲು, ಹಾಸಿಗೆ ಸರಿಮಾಡಲು ಯಾರಿಗೂ ಬೇಕಿಲ್ಲ.

ಆಸ್ಪತ್ರೆಯ ತಾರತಮ್ಯ ನಿಜವಾಗಿ ಕಾಣುವುದು ಸಣ್ಣ ಸಣ್ಣ ಕಾಗದಗಳಲ್ಲಿ. ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆಯುವುದು. ಮಂಚದ ತಲೆಕಡೆ ಚೀಟಿ. ಆಪರೇಷನ್ ಪಟ್ಟಿಯಲ್ಲಿ ಹೆಸರು ಯಾವಾಗಲೂ ಕೊನೆಗೆ, ಆಮೇಲೆ ‘ಇವತ್ತು ಆಗಲ್ಲ, ಬೆಂಗಳೂರಿಗೆ ಹೋಗಿ’. ಬಿಪಿ ನೋಡಲು ಎರಡು ಜೊತೆ ಗ್ಲೌಸ್. ಇದರಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ಪಕ್ಕದ ಮಂಚದವರ ಕಡೆಯವರು ಆ ಚೀಟಿ ಓದುತ್ತಾರೆ, ಸಂಜೆ ಹೊತ್ತಿಗೆ ಮಂಚದ ಸುತ್ತ ಜಾಗ ಖಾಲಿ. ಚಿತ್ರ ಮಾಡುವವರು ಚೀಟಿಯನ್ನು ಒಂದು ಶಾಟ್, ಅದನ್ನು ಓದುವ ಕಣ್ಣನ್ನು ಒಂದು ಶಾಟ್, ಖಾಲಿಯಾದ ಸ್ಟೂಲನ್ನು ಒಂದು ಶಾಟ್ ತೆಗೆದರೆ ಸಾಕು.

ಸೂಜಿ ಚುಚ್ಚಿಕೊಂಡ ಸಿಬ್ಬಂದಿಗೆ ಸಾವೇ ಗತಿ ಅನ್ನುವಂಥ ದೃಶ್ಯಗಳೂ ಬರುತ್ತವೆ. ಸೋಂಕಿತ ರಕ್ತವಿದ್ದ ಸೂಜಿ ಚುಚ್ಚಿದರೂ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ 0.3. ಗಾಯ ಹಿಂಡಬಾರದು, ಹರಿಯುವ ನೀರು ಮತ್ತು ಸೋಪಿನಲ್ಲಿ ತೊಳೆಯಬೇಕು, ಕೂಡಲೇ ವರದಿ ಮಾಡಬೇಕು. ಮೊದಲ ಎರಡು ಗಂಟೆಯೊಳಗೆ ಸೋಂಕು ತಡೆಯುವ ಪಿಇಪಿ ಮಾತ್ರೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ನುಂಗಬೇಕು. ಸಿಬ್ಬಂದಿಗೆ ಇದು ಸಿಗುತ್ತದೆ ಅನ್ನುವುದು ಗೊತ್ತಿದ್ದರೆ ರೋಗಿಯ ಮೇಲಿನ ಹೆದರಿಕೆ ಅರ್ಧ ಇಳಿಯುತ್ತದೆ.

ಚಿಂತಾಮಣಿ

ಲೋಟದ ದೃಶ್ಯದ ಬಗ್ಗೆ ಯಾರೂ ಹೇಳಲಿಲ್ಲ. ಎಚ್‌ಐವಿ ಚಿತ್ರ ಅಂದಮೇಲೆ ಬೇರೆ ತಟ್ಟೆ, ಬೇರೆ ಲೋಟ ಇದ್ದೇ ಇರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಪ್ರೇಕ್ಷಕರಿಗೆ ಬೇರೆ ಲೋಟ ಹೊಸದೇನಲ್ಲ. ಹೋಟೆಲಿನ ಹೊರಗೆ ಇಡುತ್ತಿದ್ದ ಲೋಟದ ವಿರುದ್ಧ ದಲಿತ ಚಳವಳಿ ಬೆಳೆದ ನೆಲ ಇದು. ಮೇಲಿಂದ ನೀರು ಹೊಯ್ಯುವುದನ್ನು ತೋರಿಸಿದರೆ ಇಲ್ಲಿನವರು ಮೊದಲು ಓದುವುದು ಜಾತಿಯನ್ನು. ಅದನ್ನು ಗೊತ್ತಿದ್ದೇ ಬಳಸಿದರೆ ಬಲ ಬರುತ್ತದೆ: ಮುಟ್ಟಿದರೆ ಮೈಲಿಗೆ ಅನ್ನುವ ಹಳೆಯ ಲೆಕ್ಕವೇ ಇಲ್ಲಿ ಆರೋಗ್ಯದ ಹೆಸರು ಹಾಕಿಕೊಂಡು ಬಂದಿದೆ. ಗೊತ್ತಿಲ್ಲದೆ ಬಳಸಿದರೆ, ಪಾತ್ರದ ಮನೆ ಯಾವ ಕೇರಿಯಲ್ಲಿದೆ ಅನ್ನುವುದೇ ಅರ್ಥವನ್ನು ತಿರುಗಿಸಿಬಿಡುತ್ತದೆ.

ಈಗ ಅದು ಪೇಪರ್ ಕಪ್ ರೂಪದಲ್ಲಿದೆ. ಮನೆಯವರಿಗೆಲ್ಲ ಸ್ಟೀಲ್ ಲೋಟದಲ್ಲಿ ಕಾಫಿ, ಒಬ್ಬರಿಗೆ ಮಾತ್ರ ಪೇಪರ್ ಕಪ್. ಕೇಳಿದರೆ ‘ನಿಮಗೆ ಅನುಕೂಲ ಆಗಲಿ ಅಂತ’ ಅನ್ನುತ್ತಾರೆ. ಗ್ರಂಥಾಲಯದ ಮಾತೇ ಇದು.

ನಾಯಕ ಬಂದು ಎಂಜಲು ತಟ್ಟೆಯಲ್ಲಿ ಉಂಡು ಚಪ್ಪಾಳೆ ಗಿಟ್ಟಿಸುವ ಪರಿಹಾರವನ್ನೂ ಕೈಬಿಡಿ. ಅಲ್ಲಿ ದೊಡ್ಡವನಾಗುವುದು ಉಂಡವನು. ತಟ್ಟೆಯವರು ಅವನ ದಯೆಯಲ್ಲೇ ಉಳಿಯುತ್ತಾರೆ.

ಕರಿಕೋಟು, ಚಿಕ್ಕಬಳ್ಳಾಪುರ

ಕಾನೂನಿನ ಭಾಗ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರದು. ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10. ಇದಕ್ಕೂ ಮುಂಚೆ ಬಂದ ಚಿತ್ರಗಳ ಕೋರ್ಟ್ ದೃಶ್ಯಗಳನ್ನು ಇವತ್ತಿನ ಕಾನೂನು ಅಂತ ತೋರಿಸಬಾರದು.

ರೇವತಿ ನಿರ್ದೇಶನದ ‘ಫಿರ್ ಮಿಲೇಂಗೆ’ 2004ರದು. ಖಾಸಗಿ ಕಂಪನಿ ಕೆಲಸದಿಂದ ತೆಗೆದ ಹೆಣ್ಣುಮಗಳ ಮೊಕದ್ದಮೆ ಅದರ ಕಥೆ. ಆ ಹೊತ್ತಿಗೆ ನಮ್ಮಲ್ಲಿ ಆಧಾರಕ್ಕೆ ಇದ್ದದ್ದು ಬಾಂಬೆ ಹೈಕೋರ್ಟಿನ 1997ರ ತೀರ್ಪು. ಅರ್ಜಿದಾರನ ಹೆಸರು, ಸಂಸ್ಥೆಯ ಹೆಸರು ಎರಡನ್ನೂ ಮರೆಮಾಡಿ ಎಂಎಕ್ಸ್, ಜೆಡ್‌ವೈ ಎಂದು ದಾಖಲಿಸಿದ ಪ್ರಕರಣ. ಅದು ಸರ್ಕಾರಿ ವಲಯದ ಸಂಸ್ಥೆ, ಹಾಗಾಗಿ ಸಂವಿಧಾನದ ಸಮಾನತೆಯ ಹಕ್ಕು ನೇರವಾಗಿ ಅನ್ವಯಿಸಿತು. ಖಾಸಗಿ ಕೆಲಸದವರಿಗೆ ಅಂಥ ಗಟ್ಟಿ ನೆಲ ಸಿಕ್ಕಿದ್ದು 2017ರ ಕಾಯ್ದೆಯಿಂದ.

ಈಗಿನ ಕಾಯ್ದೆಯಲ್ಲಿ ಚಿತ್ರಕ್ಕೆ ಒದಗುವ ಅಂಶಗಳು ಹಲವು. ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯಬೇಕಾದರೆ, ಈ ವ್ಯಕ್ತಿಯಿಂದ ಕೆಲಸದ ಜಾಗದಲ್ಲಿ ಸೋಂಕು ಹರಡುವ ಗಣನೀಯ ಅಪಾಯ ಇದೆ, ಅಥವಾ ಇವರು ಈ ಕೆಲಸಕ್ಕೆ ಅನರ್ಹರು ಎಂದು ಸ್ವತಂತ್ರ ವೈದ್ಯಕೀಯ ತಜ್ಞರು ಲಿಖಿತವಾಗಿ ಕೊಟ್ಟಿರಬೇಕು, ಅದರ ಪ್ರತಿ ನೌಕರರ ಕೈ ಸೇರಬೇಕು. ಮ್ಯಾನೇಜರ್ ಎದುರು ಕೂತ ಪಾತ್ರ ‘ಆ ಕಾಗದ ಕೊಡಿ’ ಅಂತ ಕೇಳುವುದು ಅರ್ಧ ನಿಮಿಷದ ದೃಶ್ಯ. ಮುಂದಿನ ಮೌನವೇ ಮಿಕ್ಕಿದ್ದನ್ನು ಹೇಳುತ್ತದೆ. ಗೂಳೂರಿನವರು ಹೆದರಿದಂತೆ ಕಲಂ ಓದಬೇಕಾಗಿಲ್ಲ.

ಶಾಲೆ, ಆಸ್ಪತ್ರೆ, ಬಾಡಿಗೆ ಮನೆ, ವಿಮೆ ಇವುಗಳಲ್ಲೂ ತಾರತಮ್ಯ ನಿಷಿದ್ಧ. ಸೋಂಕಿತರ ಜೊತೆ ವಾಸಿಸುವವರಿಗೂ ಅದೇ ರಕ್ಷಣೆ. ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ, ಆಸ್ಪತ್ರೆಯಾದರೆ ಇಪ್ಪತ್ತು, ದೂರು ಕೇಳುವ ಅಧಿಕಾರಿ ಇರಬೇಕು. ಅದರ ಮೇಲೆ ರಾಜ್ಯದ ಓಂಬುಡ್ಸ್‌ಮನ್: ದೂರು ಬಂದ ಮೂವತ್ತು ದಿನದೊಳಗೆ ಆದೇಶ, ವೈದ್ಯಕೀಯ ತುರ್ತಿನಲ್ಲಿ ಸಾಧ್ಯವಾದರೆ 24 ಗಂಟೆಯೊಳಗೆ. ಕೋರ್ಟಿನಲ್ಲಿ ಹೆಸರು ಮರೆಮಾಡಿ, ಬಾಗಿಲು ಮುಚ್ಚಿ ವಿಚಾರಣೆ ನಡೆಸಲು ಕೇಳಬಹುದು. ಜವಾನ ಹೆಸರು ಕೂಗಿ ಕರೆಯುವ ಸಿನಿಮಾ ದೃಶ್ಯಕ್ಕೆ ಇಲ್ಲಿ ಜಾಗವಿಲ್ಲ.

ಅಂತರಗಂಗೆ ಮೇಡಂ ಹೇಳಿದ ಬೆಂಚಿನ ದೃಶ್ಯಕ್ಕೆ ಒಂದು ಸೇರ್ಪಡೆ. ಗಂಡ ಅಥವಾ ಹೆಂಡತಿಗೆ ವಿಷಯ ತಿಳಿಸಲು ವೈದ್ಯರು, ಸಮಾಲೋಚಕರಿಗೆ ಕೆಲವು ಷರತ್ತಿನ ಮೇಲೆ ಅವಕಾಶ ಇದೆ. ಆದರೆ ತಿಳಿಸಿದರೆ ಹಿಂಸೆಯಾಗುತ್ತದೆ, ಮನೆಯಿಂದ ಹೊರಗೆ ಹಾಕುತ್ತಾರೆ ಅನ್ನುವ ಆತಂಕಕ್ಕೆ ಕಾರಣವಿದ್ದರೆ, ಅದರಲ್ಲೂ ಹೆಂಗಸರ ವಿಷಯದಲ್ಲಿ, ತಿಳಿಸುವಂತಿಲ್ಲ. ಅಪ್ಪ, ಮಾವ, ಅಣ್ಣ ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಸೋಂಕಿತರ ಮೇಲೆ ದ್ವೇಷ ಹರಡುವ ಬರಹ, ಮಾತು, ದೃಶ್ಯಗಳೂ ಇದೇ ಕಾಯ್ದೆಯಡಿ ಅಪರಾಧ. ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಚಿತ್ರ ಮಾಡುವವರು ತಿಳಿದಿರಲಿ.

ಬಂಗಾರಪೇಟೆ ಜಂಕ್ಷನ್

ವಕೀಲರ ಮಾತಿಗೆ ಜೋಡಿಸಿ ‘ಮೈ ಬ್ರದರ್ ನಿಖಿಲ್’ ಹಾಕಬಹುದು. 2005, ಓನಿರ್ ನಿರ್ದೇಶನ. ಕಥೆ ನಡೆಯುವುದು 1987ರಿಂದ 1994ರ ಗೋವಾದಲ್ಲಿ. ಈಜುಗಾರ ನಿಖಿಲ್‌ಗೆ ಸೋಂಕಿರುವುದು ತಿಳಿದ ಮೇಲೆ ತಂಡದಿಂದ ಹೊರಗೆ, ಮನೆಯಿಂದ ಹೊರಗೆ, ಆಮೇಲೆ ಪೊಲೀಸರು ಎತ್ತಿಕೊಂಡು ಹೋಗಿ ಒಂಟಿಯಾಗಿ ಕೂಡಿಹಾಕುತ್ತಾರೆ. ಇದು ಅತಿಶಯ ಅಂತ ಹುಡುಗರು ಅಂದುಕೊಳ್ಳಬಹುದು. ಗೋವಾದ ಆಗಿನ ಸಾರ್ವಜನಿಕ ಆರೋಗ್ಯ ಕಾಯ್ದೆಯಲ್ಲಿ ಸೋಂಕಿತರನ್ನು ಪ್ರತ್ಯೇಕವಾಗಿ ಇಡಲು ಅವಕಾಶವಿತ್ತು. 1989ರಲ್ಲಿ ಡೊಮಿನಿಕ್ ಡಿಸೋಜಾ ಅವರನ್ನು ಅದರಡಿ 64 ದಿನ ಕೂಡಿಟ್ಟಿದ್ದರು, ಅವರು ಕೋರ್ಟಿಗೆ ಹೋಗಿ ಹೋರಾಡಿದರು. ಚಿತ್ರಕ್ಕೆ ಪ್ರೇರಣೆ ಅವರ ಬದುಕು. ಇಲ್ಲಿ ತಾರತಮ್ಯ ಮಾಡಿದ್ದು ಕೆಟ್ಟ ಮನುಷ್ಯನೊಬ್ಬನಲ್ಲ, ಕಾನೂನೇ. ಆ ಒಂದು ಕಾರಣಕ್ಕೆ ನನ್ನ ಪಟ್ಟಿಯಲ್ಲಿ ಇದೇ ಮೇಲೆ.

ಕನ್ನಡದ್ದು ಬೇಕಾದರೆ ‘ಪ್ರಾರಂಭ’ ಇದೆ. 2007ರಲ್ಲಿ ‘ಏಡ್ಸ್ ಜಾಗೋ’ ಅನ್ನುವ ನಾಲ್ಕು ಕಿರುಚಿತ್ರಗಳ ಮಾಲೆಗೆ ಸಂತೋಷ್ ಶಿವನ್ ಮಾಡಿದ್ದು, ಪ್ರಭುದೇವ ನಟಿಸಿದ್ದಾರೆ. ಸೋಂಕಿನ ಕಾರಣಕ್ಕೆ ಶಾಲೆಯಿಂದ ಹೊರಗಾದ ಹುಡುಗ ಮತ್ತು ಒಬ್ಬ ಲಾರಿ ಡ್ರೈವರ್. ಸೋಂಕು ಸಾಗಿಸುವವನು ಅಂತಲೇ ಪ್ರಚಾರದ ಪೋಸ್ಟರುಗಳಲ್ಲಿ ಕಾಣುತ್ತಿದ್ದ ಡ್ರೈವರ್, ಇಲ್ಲಿ ಹುಡುಗನ ಜೊತೆ ನಿಲ್ಲುವವನು. ನಿಮ್ಮ ಹುಡುಗರ ಕಥೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಮೊದಲು ಇದನ್ನು ತೋರಿಸಿ, ಆಮೇಲೆ ಅವರದನ್ನು ಅವರೇ ತಿದ್ದಿಕೊಳ್ಳುತ್ತಾರೆ.

‘ಡಲ್ಲಾಸ್ ಬೈಯರ್ಸ್ ಕ್ಲಬ್’ (2013) ಕೇಳುವವರು ಇರುತ್ತಾರೆ. ನಟನೆಗೆ ನೋಡಲಿ, ಚರ್ಚೆಗೆ ಬೇಡ. ಅದರಲ್ಲಿ ಮೊದಲ ಎಚ್‌ಐವಿ ಔಷಧವಾದ ಎಝಡ್‌ಟಿ ವಿಷ ಅನ್ನುವ ಭಾವನೆ ಉಳಿಯುತ್ತದೆ. ಮೊದಲ ವರ್ಷಗಳಲ್ಲಿ ಕೊಡುತ್ತಿದ್ದ ಪ್ರಮಾಣ ಆಮೇಲಿನದರ ದುಪ್ಪಟ್ಟು, ಅದೂ ಒಂದೇ ಔಷಧವಾಗಿ. ಪ್ರಮಾಣ ಇಳಿಸಿ ಬೇರೆ ಔಷಧಗಳ ಜೊತೆ ಸೇರಿಸಿದ ಮೇಲೆ ಅದೇ ಎಷ್ಟೋ ಜನರನ್ನು ಉಳಿಸಿತು. ಆ ವಿವರಣೆಗೇ ಅರ್ಧ ಗಂಟೆ ಹೋಗುತ್ತದೆ.

ಪ್ರತಿ ತುಣುಕಿಗೂ ಮುಂಚೆ ಬೋರ್ಡ್ ಮೇಲೆ ಇಸವಿ ಬರೆಯಿರಿ. 1993ರ ಸಾವು ಆ ಕಾಲಕ್ಕೆ ನಿಜ, ಪರಿಣಾಮಕಾರಿ ಸಂಯುಕ್ತ ಚಿಕಿತ್ಸೆ ಬಂದದ್ದು 1996ರ ಸುಮಾರಿಗೆ.

ಶಿಡ್ಲಘಟ್ಟ ನೂಲು

ಹುಡುಗರು ನಿಜವಾದ ಸೋಂಕಿತರ ಸಂದರ್ಶನ ಸೇರಿಸಲು ಹೊರಟರೆ ಕೇಳಿ. ಕಿಟಕಿಗೆ ಬೆನ್ನು ಕೊಟ್ಟು ಕೂರಿಸಿ ಕಪ್ಪು ನೆರಳಾಗಿ ತೋರಿಸುವುದು ರೂಢಿ. ಎರಡು ತೊಂದರೆ. ಒಂದು, ಆ ನೆರಳು ಪೊಲೀಸ್ ವರದಿಯ ಆರೋಪಿಯ ಹಾಗೆ ಕಾಣುತ್ತದೆ. ಎರಡು, ಊರವರಿಗೆ ಗುರುತು ಸಿಕ್ಕೇ ಸಿಗುತ್ತದೆ: ಕಿವಿಯ ಓಲೆ, ತುರುಬು, ಕುತ್ತಿಗೆ ಬಾಗಿಸುವ ರೀತಿ, ಗೋಡೆಯ ಬಣ್ಣ, ಬಾಗಿಲಲ್ಲಿ ನಿಂತ ಗಾಡಿಯ ನಂಬರು. ಹೊರಗೆ ಕಂಡಕ್ಟರ್ ‘ಕೊರಟಗೆರೆ, ಮಧುಗಿರಿ’ ಅಂತ ಕೂಗಿದ್ದು ಮೈಕಿನಲ್ಲಿ ಬಂದರೆ ಎಲ್ಲಿ ತೆಗೆದದ್ದು ಅಂತಲೂ ತಿಳಿಯಿತು. ಧ್ವನಿಯನ್ನು ದಪ್ಪ ಮಾಡಿದರೆ ಸಾಲದು, ಅದನ್ನು ವಾಪಸ್ ತಿರುಗಿಸಬಹುದು. ಮಾತುಗಳನ್ನು ಬರೆದುಕೊಂಡು ಬೇರೆ ಕಲಾವಿದರಿಂದ ಹೇಳಿಸಿ, ಹಾಗೆ ಹೇಳಿಸಿದ್ದೇವೆ ಅಂತ ತೆರೆ ಮೇಲೆ ಹಾಕಿ.

ಒಪ್ಪಿಗೆ ಎರಡು ಸಲ ಪಡೆಯಿರಿ, ಚಿತ್ರೀಕರಣಕ್ಕೆ ಮುಂಚೆ ಒಮ್ಮೆ, ಎಡಿಟ್ ಆದದ್ದನ್ನು ತೋರಿಸಿ ಇನ್ನೊಮ್ಮೆ. ಬೇಡ ಅಂದರೆ ತೆಗೆಯಬೇಕು, ಯಾಕೆ ಅಂತ ಕೇಳುವ ಹಾಗಿಲ್ಲ. ಸಹಿ ಹಾಕಿದ ಕಾಗದವೇ ಅವರ ಸ್ಥಿತಿ ಹೇಳುವ ದಾಖಲೆ, ಕಾಲೇಜಿನ ಬೀರುವಿನಲ್ಲಿ ಎಲ್ಲರ ಕೈಗೆ ಸಿಗುವ ಹಾಗೆ ಇಡಬಾರದು. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ. ಫೈಲಿಗೆ ಅವರ ಹೆಸರಿಡಬೇಡಿ. ಕಚ್ಚಾ ತುಣುಕುಗಳನ್ನು ವಾಟ್ಸಾಪ್ ಗುಂಪಿಗೆ ಹಾಕಿ ‘ಹೇಗಿದೆ’ ಅಂತ ಕೇಳುವುದೇ ಎಲ್ಲಕ್ಕಿಂತ ದೊಡ್ಡ ಸೋರಿಕೆ.

ಮೊದಲ ಚಿತ್ರಕ್ಕೆ ಸಂದರ್ಶನ ಬೇಡವೇ ಬೇಡ ಅನ್ನುವುದು ನನ್ನ ಸಲಹೆ. ಡಬ್ಬಿ ಸಾಕು.

ಅಮಾನಿಕೆರೆ, ತುಮಕೂರು

ಎಲ್ಲರಿಗೂ ವಂದನೆ. ಕಥೆಯನ್ನು ಹೀಗೆ ಬದಲಿಸಲು ಹುಡುಗರ ಮುಂದೆ ಇಡುತ್ತೇನೆ: ಜವಳಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ಸೋಂಕು ಹೇಗೆ ಬಂತು ಅನ್ನುವುದು ಚಿತ್ರದಲ್ಲಿ ಇಲ್ಲ. ಡಬ್ಬಿ, ಬಸ್ಸು, ಪೇಪರ್ ಕಪ್, ಆಸ್ಪತ್ರೆಯ ಚೀಟಿ, ‘ಆ ಕಾಗದ ಕೊಡಿ’. ಅವಳು ಸಾಯುವುದಿಲ್ಲ.

ತುಣುಕುಗಳು ‘ಪ್ರಾರಂಭ’, ಕೈ ಕುಲುಕುವ ದೃಶ್ಯ, ನಿಖಿಲ್. ಕಾರ್ಯಕ್ರಮದ ಕೊನೆಗೆ ಅಲ್ಲೇ ರಕ್ತಪರೀಕ್ಷೆ ಶಿಬಿರ ಇಡೋಣ ಎಂದು ಸಲಹೆ ಬಂದಿದೆ, ಸೋಂಕಿತರೊಬ್ಬರನ್ನು ವೇದಿಕೆಗೆ ಕರೆದು ಸನ್ಮಾನಿಸುವ ಸಲಹೆಯೂ ಇದೆ. ಪ್ರದರ್ಶನಕ್ಕೆ ಅನುಮತಿ ಬೇಕೇ?

ಅಂತರಗಂಗೆ, ಕೋಲಾರ

ಎರಡೂ ಬೇಡ ಮೇಷ್ಟ್ರೇ. ಶಿಬಿರದಲ್ಲಿ ಸಾಲು ನಿಂತವರನ್ನೆಲ್ಲ ಎಲ್ಲರೂ ನೋಡುತ್ತಾರೆ. ಮೊದಲ ಕಿಟ್ ರಿಯಾಕ್ಟಿವ್ ಆದವರನ್ನು ಮತ್ತೆ ಕರೆದರೆ ಯಾರನ್ನು ಕರೆದರು ಅನ್ನುವುದು ಕ್ಷಣದಲ್ಲಿ ಗೊತ್ತಾಗುತ್ತದೆ. ಬರದವರನ್ನು ‘ಯಾಕೆ ಬರಲಿಲ್ಲ’ ಅಂತಲೂ ಕೇಳುತ್ತಾರೆ. ಜಿಲ್ಲಾ ಆಸ್ಪತ್ರೆಯ ಐಸಿಟಿಸಿ ಎಲ್ಲಿದೆ, ಯಾವ ಹೊತ್ತಿಗೆ ತೆರೆದಿರುತ್ತದೆ ಅನ್ನುವುದನ್ನು ಹೇಳಿದರೆ ಆಯಿತು. ವೇದಿಕೆಗೆ ಕರೆದು ಶಾಲು ಹೊದಿಸುವುದರಿಂದ ಫೋಟೊ ಫೇಸ್‌ಬುಕ್ಕಿಗೆ ಹೋಗುತ್ತದೆ, ಮಕ್ಕಳ ಶಾಲೆಗೂ ತಲುಪುತ್ತದೆ.

ಇನ್ನೊಂದನ್ನು ಮರೆಯಬೇಡಿ. ಮಕ್ಕಳಿಗಾಗಿಯೇ ಎಆರ್‌ಟಿ ಕಾರ್ಯಕ್ರಮ ಶುರುವಾದದ್ದು 2006ರಲ್ಲಿ. ಆಗ ಔಷಧ ಶುರು ಮಾಡಿದ ಮಕ್ಕಳು ಕಾಲೇಜಿನ ವಯಸ್ಸು ಮುಟ್ಟಿದ್ದಾರೆ. ನೂರಿಪ್ಪತ್ತು ಜನರಲ್ಲಿ ಒಬ್ಬರಾದರೂ ಸೋಂಕಿನೊಂದಿಗೆ ಬದುಕುತ್ತಿದ್ದಾರೆ, ಅಥವಾ ಅಂಥ ಮನೆಯಿಂದ ಬಂದಿದ್ದಾರೆ ಅಂದುಕೊಂಡೇ ಮಾತಾಡಿ. ‘ಅವರು’, ‘ಅಂಥವರು’ ಅಂತ ಬೊಟ್ಟು ಮಾಡುವ ಮಾತು ವೇದಿಕೆಯಿಂದ ಬರಬಾರದು. ಬಾಗಿಲು ಮುಚ್ಚಬೇಡಿ, ಎದ್ದು ಹೋಗುವವರನ್ನು ತಡೆಯಬೇಡಿ.

ಪ್ರಶ್ನೆಗೆ ಚೀಟಿ ವ್ಯವಸ್ಥೆ ಮಾಡಿ. ಒಂದೇ ಅಳತೆಯ ಕಾಗದ, ಒಂದೇ ಬಣ್ಣದ ಪೆನ್ನು. ಎಲ್ಲರೂ ಏನಾದರೂ ಬರೆಯಲೇಬೇಕು, ಪ್ರಶ್ನೆ ಇಲ್ಲದವರು ನೋಡಿದ ದೃಶ್ಯದ ಬಗ್ಗೆ ಒಂದು ಸಾಲು ಬರೆಯಲಿ. ಇಲ್ಲದಿದ್ದರೆ ಬರೆಯುತ್ತಿರುವವರು ಯಾರು ಅಂತ ಪಕ್ಕದವರು ನೋಡುತ್ತಾರೆ. ಚೀಟಿ ಓದುವುದು ಅವರ ಕೈಬರಹ ಗುರುತಿಲ್ಲದ ಹೊರಗಿನವರಾಗಿರಲಿ, ಓದಿದ ಮೇಲೆ ಹರಿದು ಹಾಕಿ.

ಕರಿಕೋಟು, ಚಿಕ್ಕಬಳ್ಳಾಪುರ

ಶಿಕ್ಷಣ ಸಂಸ್ಥೆಯ ಚಟುವಟಿಕೆಯಾಗಿ, ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಿಗಷ್ಟೇ ತೋರಿಸಿದರೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಊರವರನ್ನೆಲ್ಲ ಕರೆದು ಮೈದಾನದಲ್ಲಿ ಪರದೆ ಕಟ್ಟಿದರೆ ಅದು ಅನ್ವಯಿಸುವುದಿಲ್ಲ. ಆಗ ಹಕ್ಕುದಾರರ ಅನುಮತಿ ಬೇಕು. ಹುಡುಗರ ಚಿತ್ರವನ್ನು ಹೊರಗೆ ಸಾರ್ವಜನಿಕವಾಗಿ ತೋರಿಸುವುದಾದರೆ ಸೆನ್ಸಾರ್ ಪ್ರಮಾಣಪತ್ರದ ವಿಚಾರವೂ ಬರುತ್ತದೆ.

ಶಿಡ್ಲಘಟ್ಟ ನೂಲು

ಸಭಾಂಗಣದ ಕಿಟಕಿಗಳಿಗೆ ಕಪ್ಪು ಬಟ್ಟೆ ಬೇಕಾಗುತ್ತದೆ, ಹಗಲು ಹೊತ್ತಿನಲ್ಲಿ ಕೈ ಕುಲುಕುವ ದೃಶ್ಯದ ಮುಖಭಾವ ಪ್ರೊಜೆಕ್ಟರಿನಲ್ಲಿ ತೊಳೆದುಹೋಗುತ್ತದೆ. ಇಂಗ್ಲಿಷ್ ತುಣುಕುಗಳಿಗೆ ಕನ್ನಡ ಸಬ್‌ಟೈಟಲ್ ನಾನು ಹಾಕಿಕೊಡುತ್ತೇನೆ, ಸಾಲಿಗೆ ಆರೇಳು ಪದ ಮೀರದಂತೆ. ಫೈಲುಗಳನ್ನು ಪೆನ್‌ಡ್ರೈವಿನಲ್ಲೇ ತನ್ನಿ, ನೆಟ್ ನಂಬಿ ಕೂರಬೇಡಿ.

ಸಹಾಯವಾಣಿ 1097ರ ಸ್ಲೈಡನ್ನು ಕೊನೆಗೆ ಹಾಕುವ ಅಭ್ಯಾಸ ಬಿಡಿ. ಆಗ ಫೋನ್ ತೆಗೆದು ಫೋಟೊ ಹಿಡಿಯುವವರನ್ನು ಎಲ್ಲರೂ ತಿರುಗಿ ನೋಡುತ್ತಾರೆ. ಆಹ್ವಾನ ಪತ್ರದ ಹಿಂದೆ ಸಂಖ್ಯೆ ಮತ್ತು ಐಸಿಟಿಸಿ ಸಮಯ ಅಚ್ಚು ಹಾಕಿಸಿ, ನೂರಿಪ್ಪತ್ತು ಜನರ ಕೈಗೂ ಹೋಗಲಿ.